ಕ್ರಿಯಾಟಿನಿನ್ ಸರಿಯಿದ್ದರೂ ಬಯಾಪ್ಸಿ ಏಕೆ?

ಕಿಡ್ನಿ ಕಸಿ ಮಾಡಿಸಿಕೊಂಡವರ ಮನೆಯಲ್ಲಿ ಕ್ರಿಯಾಟಿನಿನ್ ಎಂದರೇನೆಂದು ಗೊತ್ತಿಲ್ಲದವರಿಲ್ಲ: ಮೂತ್ರಪಿಂಡ ರಕ್ತದಿಂದ ಸೋಸಿ ಹೊರಹಾಕಬೇಕಾದ ತ್ಯಾಜ್ಯ ಅದು. ರಕ್ತದ ವರದಿಯಲ್ಲಿ ಆ ಸಂಖ್ಯೆ ಏರಿಲ್ಲವೆಂದರೆ ಮನೆಮಂದಿಗೆಲ್ಲ ನೆಮ್ಮದಿ. ಆದರೆ ಅದನ್ನೊಂದೇ ನಂಬಿಕೊಂಡು ಕೂರುವಂತಿಲ್ಲ. ದೇಹದ ರಕ್ಷಣಾ ಕಣಗಳು ಹೊಸ ಮೂತ್ರಪಿಂಡದೊಳಗೆ ನುಗ್ಗಿ ದಾಳಿ (ವೈದ್ಯರ ಮಾತಿನಲ್ಲಿ ‘ತಿರಸ್ಕಾರ’) ಆರಂಭಿಸಿದ ಮೇಲೂ ಉಳಿದ ಭಾಗ ಹೆಚ್ಚು ದುಡಿದು ರಕ್ತವನ್ನು ಶುದ್ಧವಾಗಿಯೇ ಇಡಬಲ್ಲದು. ಕ್ರಿಯಾಟಿನಿನ್ ಏರುವ ಹೊತ್ತಿಗೆ ಒಂದಷ್ಟು ಅಂಗಾಂಶ ಕಲೆಗಟ್ಟಿ ಹೋಗಿರಬಹುದು; ಅದನ್ನು ಯಾವ ಔಷಧವೂ ಮರಳಿಸದು.

ಹೀಗಾಗಿಯೇ ಕೆಲವು ಆಸ್ಪತ್ರೆಗಳಲ್ಲಿ ಯಾವ ತೊಂದರೆ ಇಲ್ಲದಿದ್ದರೂ ಮೂರನೆಯ ತಿಂಗಳಿಗೊಮ್ಮೆ, ವರ್ಷ ತುಂಬಿದಾಗೊಮ್ಮೆ ಬಯಾಪ್ಸಿ, ಅಂದರೆ ಮೂತ್ರಪಿಂಡದ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ, ಮಾಡುತ್ತಾರೆ. ಕಸಿ ಮಾಡಿದ ಮೂತ್ರಪಿಂಡ ಇರುವುದು ಬೆನ್ನಿನ ಕಡೆಗಲ್ಲ, ಕೆಳಹೊಟ್ಟೆಯ ಒಂದು ಬದಿಯಲ್ಲಿ, ಚರ್ಮಕ್ಕೆ ಹತ್ತಿರದಲ್ಲಿ. ಅಲ್ಲಿಗೆ ಅರಿವಳಿಕೆ ಕೊಟ್ಟು, ಅಲ್ಟ್ರಾಸೌಂಡ್ ಪರದೆ ನೋಡುತ್ತ ಸ್ಪ್ರಿಂಗ್ ಅಳವಡಿಸಿದ ಸೂಜಿಯನ್ನು ಇಳಿಸುತ್ತಾರೆ. ಟಪ್ಪೆಂದು ಸದ್ದಾಗುತ್ತದೆ, ದಾರದೆಳೆಯಂಥ ಚೂರೊಂದು ಸೂಜಿಯೊಡನೆ ಬರುತ್ತದೆ. ಆಮೇಲೆ ಕೆಲವು ಗಂಟೆ ಅಲುಗಾಡದೆ ಮಲಗಿರಬೇಕು. ಮೂತ್ರದಲ್ಲಿ ರಕ್ತ ಕಾಣಿಸುವುದುಂಟು. ಗಂಭೀರ ರಕ್ತಸ್ರಾವ ಅಪರೂಪ, ಆದರೆ ಆಗುವುದೇ ಇಲ್ಲ ಎನ್ನುವಂತಿಲ್ಲ.

ಆ ಚೂರನ್ನು ಓದುವುದಕ್ಕೆ 1991ರಲ್ಲಿ ಕೆನಡಾದ ಬ್ಯಾನ್ಫ್ ಪಟ್ಟಣದಲ್ಲಿ ಸೇರಿದ ತಜ್ಞರು ಅಳತೆಗೋಲೊಂದನ್ನು ರೂಪಿಸಿದರು. ಅದು ಪರಿಷ್ಕರಣೆಗೊಳ್ಳುತ್ತ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಚೂರಿನಲ್ಲಿ ರಕ್ತ ಸೋಸುವ ಗ್ಲೊಮೆರುಲಸ್‌ಗಳು ಕನಿಷ್ಠ 10, ಅಪಧಮನಿಗಳು ಕನಿಷ್ಠ 2 ಇರಬೇಕು. ಮೂತ್ರ ಹರಿಯುವ ಸೂಕ್ಷ್ಮ ನಾಳದ ಗೋಡೆಯೊಳಗೆ ಬಿಳಿ ರಕ್ತಕಣಗಳು ನುಸುಳಿವೆಯೇ ಎಂದು ಪೆಥಾಲಜಿಸ್ಟ್ ಒಂದೊಂದಾಗಿ ಎಣಿಸುತ್ತಾರೆ: ಒಂದು ನಾಳದ ಅಡ್ಡಕೊಯ್ತದಲ್ಲಿ ಒಂದರಿಂದ ನಾಲ್ಕು ಇದ್ದರೆ ಸೌಮ್ಯ, ಹತ್ತು ಮೀರಿದರೆ ತೀವ್ರ.

ಇಷ್ಟೆಲ್ಲ ಮಾಡಿದ್ದರಿಂದ ರೋಗಿಗೆ ಲಾಭವಾಯಿತೇ? ಇದಕ್ಕೆ ಕೆನಡಾದವರೇ ಆದ ವಿನಿಪೆಗ್‌ನ ಡೇವಿಡ್ ರಷ್ ಮತ್ತು ಸಂಗಡಿಗರು ಎರಡು ಸಲ ಉತ್ತರ ಹುಡುಕಿದರು. 1998ರಲ್ಲಿ ಪ್ರಕಟವಾದ, 72 ರೋಗಿಗಳ ಅಧ್ಯಯನದಲ್ಲಿ ಮೊದಲ ತಿಂಗಳುಗಳಲ್ಲೇ ಬಯಾಪ್ಸಿ ಮಾಡಿ, ಗುಟ್ಟಾಗಿ ನಡೆಯುತ್ತಿದ್ದ ತಿರಸ್ಕಾರಕ್ಕೆ ಸ್ಟಿರಾಯ್ಡ್ ಕೊಟ್ಟವರ ಕ್ರಿಯಾಟಿನಿನ್ ಎರಡು ವರ್ಷಗಳ ನಂತರ ಉಳಿದವರಿಗಿಂತ ಕಡಿಮೆಯಿತ್ತು. ರೋಗನಿರೋಧಕ ಶಕ್ತಿಯನ್ನು ತಗ್ಗಿಸಿ ತಿರಸ್ಕಾರ ತಡೆಯಲು ಆಗ ಬಳಸುತ್ತಿದ್ದ ಔಷಧ ಸೈಕ್ಲೊಸ್ಪೊರಿನ್. ಮುಂದೆ ಅದೇ ಕೆಲಸ ಮಾಡುವ ಟ್ಯಾಕ್ರೊಲಿಮಸ್, ಮೈಕೊಫೆನೊಲೇಟ್‌ಗಳ ಕಾಲ ಬಂತು. 2007ರಲ್ಲಿ 240 ರೋಗಿಗಳ ಅಧ್ಯಯನ ಪ್ರಕಟಿಸಿದಾಗ ಗುಪ್ತ ತಿರಸ್ಕಾರ ಶೇ. 5ಕ್ಕಿಂತ ಕಡಿಮೆ ಬಯಾಪ್ಸಿಗಳಲ್ಲಿ ಸಿಕ್ಕಿತು, ಲಾಭ ಕಾಣಲಿಲ್ಲ. ತಮ್ಮ ಹಳೆಯ ಫಲಿತಾಂಶ ಹೊಸ ಔಷಧಗಳ ಕಾಲಕ್ಕೆ ಹಾಗೆಯೇ ಅನ್ವಯಿಸದೆಂದು ತಾವೇ ತೋರಿಸಿಕೊಟ್ಟ ಈ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದೆನಿಸುತ್ತದೆ.

ಎಲ್ಲರಿಗೂ ಸೂಜಿ ಹಾಕಬೇಕಿಲ್ಲ, ಯಾರಿಗೂ ಬೇಡವೆನ್ನುವುದೂ ತಪ್ಪು ಎಂಬುದು ನನ್ನ ಅಭಿಪ್ರಾಯ. ದಾನಿಯ ಅಂಗದ ವಿರುದ್ಧ ಮೊದಲೇ ಪ್ರತಿಕಾಯಗಳಿದ್ದವರು, ಎರಡನೆಯ ಸಲ ಕಸಿ ಮಾಡಿಸಿಕೊಂಡವರು, ಮಾತ್ರೆ ಕಡಿಮೆ ಮಾಡಲು ಹೊರಟವರು, ಇವರ ವಿಷಯದಲ್ಲಿ ಕಾಯುತ್ತ ಕೂರುವುದೇ ಹೆಚ್ಚು ಅಪಾಯ. ದಾನಿಯ ಮೂತ್ರಪಿಂಡದಿಂದ ರಕ್ತಕ್ಕೆ ಸೋರುವ ಡಿಎನ್‌ಎ ತುಣುಕುಗಳನ್ನು ಅಳೆಯುವ ಪರೀಕ್ಷೆ ಈಗ ಬಂದಿದೆ. ಒಳಗೆ ಪೆಟ್ಟು ಬಿದ್ದಿದೆ ಎಂಬ ಸುಳಿವನ್ನು ಅದು ಕೊಡುತ್ತದೆ. ಪೆಟ್ಟು ಕೊಟ್ಟದ್ದು ತಿರಸ್ಕಾರವೋ, ರೋಗನಿರೋಧಕ ಶಕ್ತಿ ಕುಗ್ಗಿದಾಗ ಮೂತ್ರಪಿಂಡದಲ್ಲಿ ತಲೆಯೆತ್ತುವ ಬಿಕೆ ವೈರಸ್ಸೋ ಎಂಬುದನ್ನು ಅದೊಂದೇ ತೀರ್ಮಾನಿಸಲಾರದು. ಒಂದಕ್ಕೆ ಔಷಧ ಹೆಚ್ಚಿಸಬೇಕು, ಇನ್ನೊಂದಕ್ಕೆ ತಗ್ಗಿಸಬೇಕು. ಖಚಿತಪಡಿಸಿಕೊಳ್ಳಲು ಇಂದಿಗೂ ಬಯಾಪ್ಸಿಯೇ ಬೇಕು.