ಸೂತ್ರ ಇದೆ, ಯಂತ್ರ ಇದೆ, ಆದರೂ ಫಿಲ್ಮ್ ಬರೋಕೆ ಇಷ್ಟು ತಡ ಯಾಕೆ?

ಪ್ರಶ್ನೆ: ಇಟಲಿಯ ಫೆರಾನಿಯಾದಲ್ಲಿ ಹಳೇ ಕಾರ್ಖಾನೆಯ ಯಂತ್ರಗಳನ್ನೇ ಉಳಿಸಿಕೊಂಡು ಮತ್ತೆ ಫಿಲ್ಮ್ ರೋಲ್ ತಯಾರಿಸಲು ಹೊರಟರು. ಸೂತ್ರ ಇತ್ತು, ಜನ ದುಡ್ಡೂ ಕೊಟ್ಟರು. ಆದರೂ ಮೊದಲ ರೋಲ್ ಬರೋಕೆ ವರ್ಷಗಟ್ಟಲೆ ಹಿಡಿಯಿತು. ಐವತ್ತು ವರ್ಷದ ಹಿಂದೆ ಸಲೀಸಾಗಿ ಮಾಡುತ್ತಿದ್ದ ವಸ್ತು ಈಗ ಯಾಕೆ ಇಷ್ಟು ಕಷ್ಟ?

ಉತ್ತರ: ಫಿಲ್ಮ್ ಕ್ಯಾಮೆರಾ ಕೈಗೆತ್ತಿಕೊಂಡ ಹೊಸಬರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳುತ್ತಾರೆ. ನನಗೆ ತುಂಬ ಇಷ್ಟವಾದ ಪ್ರಶ್ನೆ. ಒಂದೇ ಮಾತಲ್ಲಿ ಹೇಳೋದಾದರೆ, ದೊಡ್ಡ ಕಾರ್ಖಾನೆಯನ್ನು ಚಿಕ್ಕದಾಗಿ ನಡೆಸಲು ಬರುವುದಿಲ್ಲ. ಸಾವಿರ ಜನರ ಮದುವೆ ಅಡುಗೆಯ ಕೊಪ್ಪರಿಗೆಯಲ್ಲಿ ನಾಲ್ಕು ಜನಕ್ಕೆ ಸಾರು ಮಾಡಿ ನೋಡಿ. ಕುದಿ ಬರುವಷ್ಟರಲ್ಲಿ ತಳ ಹತ್ತಿರುತ್ತದೆ. ಅಡುಗೆಯವರ ತಪ್ಪಲ್ಲ, ಪಾತ್ರೆಯ ತಪ್ಪೂ ಅಲ್ಲ. ಅಳತೆಯೇ ಬೇರೆ.

ಮೊದಲು ಊರಿನ ಕಥೆ ಸ್ವಲ್ಪ ಕೇಳಿ. ಫೆರಾನಿಯಾ ಅನ್ನೋದು ಇಟಲಿಯ ವಾಯವ್ಯಕ್ಕೆ, ಲಿಗೂರಿಯಾ ಪ್ರಾಂತ್ಯದ ಗುಡ್ಡಗಳ ನಡುವಿನ ಸಣ್ಣ ಊರು. ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿದ್ದದ್ದು ಸಿಡಿಮದ್ದಿನ ಕಾರ್ಖಾನೆ. ಸಿಡಿಮದ್ದಿನಿಂದ ಫಿಲ್ಮಿಗೆ ಬರೋದು ಆಗ ಅಂಥ ದೂರದ ದಾರಿ ಆಗಿರಲಿಲ್ಲ. ಎರಡಕ್ಕೂ ಬೇಕಾಗಿದ್ದದ್ದು ಹತ್ತಿಯನ್ನು ಆಮ್ಲದಲ್ಲಿ ಅದ್ದಿ ಮಾಡುವ ನೈಟ್ರೋಸೆಲ್ಯುಲೋಸ್. ಯುದ್ಧದ ಬೇಡಿಕೆ ಇಳಿದಾಗ ಕಾರ್ಖಾನೆ ಫಿಲ್ಮಿನ ಕಡೆ ತಿರುಗಿತು. ಅಲ್ಲಿನ ಪಿ30 ಎಂಬ ಕಪ್ಪು-ಬಿಳುಪು ಫಿಲ್ಮ್ 1960ರ ದಶಕದ ಇಟಲಿಯ ಸಿನಿಮಾದವರಿಗೆ ಅಚ್ಚುಮೆಚ್ಚಾಗಿತ್ತು. 1964ರಲ್ಲಿ ಅಮೆರಿಕದ 3ಎಂ ಕಂಪನಿ ಕೊಂಡಿತು. ಆಮೇಲೆ ಕೈ ಬದಲಾಗುತ್ತಾ ಹೋಯಿತು. ಡಿಜಿಟಲ್ ಬಂತು. 2010ರ ಹೊತ್ತಿಗೆ ಅಲ್ಲಿ ಫಿಲ್ಮ್ ತಯಾರಿಕೆ ಪೂರ್ತಿ ನಿಂತಿತ್ತು.

2013ರಲ್ಲಿ ಫಿಲ್ಮ್ ಫೆರಾನಿಯಾ ಅಂತ ಒಂದು ಪುಟ್ಟ ಕಂಪನಿ ಹುಟ್ಟಿತು. ಹಳೇ ಕಾರ್ಖಾನೆಯಲ್ಲಿ ದುಡಿದಿದ್ದ ಕೆಲವರೂ ಜೊತೆಗೆ ಬಂದರು. 2014ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರ ಮುಂದೆ ಕೈ ಚಾಚಿದರು. ಕೇಳಿದ್ದು ಎರಡೂವರೆ ಲಕ್ಷ ಡಾಲರ್, ಸಿಕ್ಕಿದ್ದು 3.2 ಲಕ್ಷಕ್ಕೂ ಜಾಸ್ತಿ. ಐದು ಸಾವಿರಕ್ಕೂ ಜಾಸ್ತಿ ಜನ ದುಡ್ಡು ಹಾಕಿದರು. ಮರು ವರ್ಷವೇ ಬಣ್ಣದ ಸ್ಲೈಡ್ ಫಿಲ್ಮ್ (ನೆಗೆಟಿವ್ ಬದಲು ನೇರ ಚಿತ್ರವೇ ಮೂಡುವ ಫಿಲ್ಮ್) ಕೊಡುತ್ತೇವೆ ಅನ್ನೋದು ಮಾತು. ಆದರೆ ಮೊದಲು ಮಾರಾಟಕ್ಕೆ ಬಂದದ್ದು 2017ರಲ್ಲಿ, ಅದೂ ಕಪ್ಪು-ಬಿಳುಪಿನ ಪಿ30. ದುಡ್ಡು ಕೊಟ್ಟವರಿಗೆ ಬೇಜಾರಾಗಿದ್ದು ಸಹಜ ಅಲ್ವಾ? ಒಂದೇ ವರ್ಷದ ಗಡುವು ಹೇಳಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಆದರೆ ತಡವಾದದ್ದಕ್ಕೆ ಗಟ್ಟಿಯಾದ ಕಾರಣಗಳಿದ್ದವು.

ಅಳತೆಯ ಲೆಕ್ಕದಿಂದಲೇ ಶುರು ಮಾಡೋಣ. 36 ಫೋಟೋದ ಒಂದು ರೋಲ್ ಬಿಚ್ಚಿದರೆ ಸುಮಾರು 1.6 ಮೀಟರ್ ಉದ್ದ, 35 ಮಿಲಿಮೀಟರ್ ಅಗಲ. ಅಂದರೆ ಒಂದು ಚದರ ಮೀಟರ್ ಫಿಲ್ಮಿನಲ್ಲಿ ಹೆಚ್ಚುಕಡಿಮೆ 17 ರೋಲ್ ಆಗುತ್ತದೆ. ಒಂದು ಮೀಟರ್ ಅಗಲದ ಪ್ಲಾಸ್ಟಿಕ್ ಪಟ್ಟಿಗೆ ಬೆಳಕು ಹಿಡಿಯುವ ಬೆಳ್ಳಿಯ ಲೇಪವನ್ನು ಸಾವಿರ ಮೀಟರ್ ಉದ್ದಕ್ಕೆ ಬಳಿದರೆ 17 ಸಾವಿರ ರೋಲ್! ದೊಡ್ಡ ಯಂತ್ರಕ್ಕೆ ಸಾವಿರ ಮೀಟರ್ ಅನ್ನೋದು ಒಂದು ದಿನದ ಕೆಲಸವೂ ಅಲ್ಲ. ಯಂತ್ರ ಶುರು ಮಾಡಿದ ಮೇಲೆ ಲೇಪ ಸಮನಾಗುವವರೆಗೆ ಹೋಗುವ ಮೊದಲ ಮೀಟರ್‌ಗಳೆಲ್ಲ ಕಸಕ್ಕೆ. ಬೆಳ್ಳಿಯ ಸಮೇತ ಕಸಕ್ಕೆ. ದಿನಕ್ಕೆ ಲಕ್ಷ ರೋಲ್ ಮಾಡುವವರಿಗೆ ಅದು ಲೆಕ್ಕಕ್ಕೇ ಇಲ್ಲ. ಕೆಲವು ಸಾವಿರ ರೋಲ್ ಮಾಡುವವರು ಅದರಲ್ಲೇ ಮುಳುಗಿಹೋಗುತ್ತಾರೆ.

ಫೆರಾನಿಯಾದವರಿಗೆ ಇಲ್ಲಿ ಒಂದು ಅದೃಷ್ಟ ಇತ್ತು. ಹಳೇ ಕಾರ್ಖಾನೆಗೆ ಎಲ್‌ಆರ್‌ಎಫ್ ಅನ್ನುವ ಸಂಶೋಧನಾ ಕಟ್ಟಡ ಇತ್ತು. ಹೊಸ ಫಿಲ್ಮನ್ನು ಮೊದಲು ಸ್ವಲ್ಪವೇ ಮಾಡಿ ನೋಡೋಕೆ ಅಂತ ಅಲ್ಲಿ ಒಂದು ಚಿಕ್ಕ ಲೇಪನ ಯಂತ್ರ. ಹೊಸ ಕಂಪನಿ ಕಾಲೂರಿದ್ದು ಅಲ್ಲೇ. ಜರ್ಮನಿಯ ಆಡಾಕ್ಸ್ ಕಂಪನಿಯೂ ಇಂಥದ್ದೇ ದಾರಿ ಹಿಡಿಯಿತು. ಸ್ವಿಟ್ಜರ್ಲೆಂಡಿನ ಮಾರ್ಲಿಯಲ್ಲಿ ಇಲ್‌ಫೋರ್ಡ್‌ನವರ ಕಾಲದ ಚಿಕ್ಕ ಲೇಪನ ಯಂತ್ರವನ್ನು ಅದು ತನ್ನದಾಗಿಸಿಕೊಂಡಿತು. ಈ ಕಾಲಕ್ಕೆ ದೊಡ್ಡ ಯಂತ್ರಕ್ಕಿಂತ ಚಿಕ್ಕದ್ದೇ ದೊಡ್ಡ ಆಸ್ತಿ.

ಆದರೆ ಚಿಕ್ಕ ಕಟ್ಟಡ ಅಂದರೂ ಅದು ದೊಡ್ಡ ಕಾರ್ಖಾನೆಯ ಮಗು. ಹಬೆ, ಕರೆಂಟು, ತಣ್ಣೀರು ಎಲ್ಲವೂ ತಾಯಿಯಿಂದಲೇ ಬರುತ್ತಿತ್ತು. ತಾಯಿ ಇಲ್ಲವಾದ ಮೇಲೆ ಎಲ್ಲವನ್ನೂ ಹೊಸದಾಗಿ ಹೊಂದಿಸಿಕೊಳ್ಳಬೇಕಾಯಿತು. ಅಷ್ಟರಲ್ಲಿ ಕಟ್ಟಡದಲ್ಲಿ ಉಸಿರಿಗೆ ಅಪಾಯ ತರುವ ಆಸ್‌ಬೆಸ್ಟಾಸ್ ಸಿಕ್ಕಿತು. ಅದನ್ನು ತೆಗೆಯೋವರೆಗೆ ಬೇರೆ ಕೆಲಸ ಮುಂದೆ ಹೋಗುವಂತಿಲ್ಲ. ಅಲ್ಲೇ ತಿಂಗಳುಗಟ್ಟಲೆ ಹೋಯಿತು.

ಇನ್ನು ಸೂತ್ರಕ್ಕೆ ಬರೋಣ. ನನಗೆ ತೀರಾ ಬೆರಗು ಹುಟ್ಟಿಸುವ ಭಾಗ ಇದೇ. ಕಾಗದದ ಮೇಲೆ ನೋಡಿದರೆ ಸುಲಭ. ಬಿಸಿ ಜೆಲಾಟಿನ್ ದ್ರಾವಣಕ್ಕೆ ಸಿಲ್ವರ್ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಬ್ರೋಮೈಡ್ ಹಾಕಿದರೆ ಸಿಲ್ವರ್ ಬ್ರೋಮೈಡ್‌ನ ಸಣ್ಣ ಸಣ್ಣ ಹರಳು ಕಟ್ಟುತ್ತವೆ. ಬೆಳಕು ಹಿಡಿಯೋದು ಈ ಹರಳುಗಳೇ. ಎಷ್ಟು ಬಿಸಿಯಲ್ಲಿ, ಎಷ್ಟು ನಿಧಾನಕ್ಕೆ, ಹೇಗೆ ಕಲಕುತ್ತಾ ಹಾಕಿದಿರಿ ಅನ್ನೋದರ ಮೇಲೆ ಹರಳಿನ ಗಾತ್ರ ನಿಲ್ಲುತ್ತದೆ. ಮನೆಯಲ್ಲಿ ಮೈಸೂರು ಪಾಕ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಮಾನು ಅದೇ, ಅಳತೆ ಅದೇ. ಅಜ್ಜಿ ಮಾಡಿದರೆ ಬಾಯಲ್ಲಿಟ್ಟರೆ ಕರಗುತ್ತದೆ, ನಾವು ಮಾಡಿದರೆ ಕಲ್ಲು. ಪಾಕದ ಎಳೆ ನೋಡಿ ಒಲೆ ಆರಿಸುವ ಕ್ಷಣ ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ.

ಸಾಮಾನು ಅದೇ ಅಂದೆ. ಅದೂ ಪೂರ್ತಿ ನಿಜ ಅಲ್ಲ. ಜೆಲಾಟಿನ್ ಬರೋದು ದನದ ಮೂಳೆ, ಚರ್ಮದಿಂದ. 1920ರ ದಶಕದಲ್ಲಿ ಕೊಡಾಕ್‌ನವರಿಗೆ ಒಂದು ತಲೆನೋವು. ಒಂದು ಜೆಲಾಟಿನ್‌ನಲ್ಲಿ ಫಿಲ್ಮ್ ಚೆನ್ನಾಗಿ ಬೆಳಕು ಹಿಡಿಯುತ್ತದೆ, ಇನ್ನೊಂದರಲ್ಲಿ ಮಂಕು. ಅಲ್ಲಿನ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪ್ಪರ್ಡ್ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಸಾಸಿವೆ ಎಣ್ಣೆಯಲ್ಲಿರುವಂಥ ಗಂಧಕದ ಅಂಶ! ದನ ಮೇದ ಸಾಸಿವೆ ಜಾತಿಯ ಗಿಡದಿಂದ ಬಂದು ಜೆಲಾಟಿನ್‌ನಲ್ಲಿ ಉಳಿದಿದ್ದ ಆ ಚೂರೇ ಚೂರು ಗಂಧಕ ಹರಳುಗಳನ್ನು ಚುರುಕು ಮಾಡುತ್ತಿತ್ತು. ಆಮೇಲಿಂದ ಗಂಧಕವನ್ನು ಅಳೆದೇ ಹಾಕುವ ಪದ್ಧತಿ ಬಂತು. ಆದರೂ ಜೆಲಾಟಿನ್ ಕೊಡುವವರು ಬದಲಾದರೆ, ಒಂದು ರಾಸಾಯನಿಕ ಮಾರುಕಟ್ಟೆಯಿಂದ ಮಾಯವಾದರೆ, ಹಳೇ ಸೂತ್ರವನ್ನು ಮತ್ತೆ ಕೂತು ತಿದ್ದಬೇಕು. ನೆದರ್ಲೆಂಡ್ಸ್‌ನ ಎನ್‌ಶೆಡೆಯಲ್ಲಿ ತೆಗೆದ ಕೂಡಲೇ ಚಿತ್ರ ಮೂಡುವ ಪೋಲರಾಯ್ಡ್ ಫಿಲ್ಮಿನ ಕಾರ್ಖಾನೆ ಉಳಿಸಿಕೊಂಡ ಇಂಪಾಸಿಬಲ್ ಪ್ರಾಜೆಕ್ಟ್‌ನವರಿಗೂ ಇದೇ ಆಯಿತು. 2008ರಲ್ಲಿ ಯಂತ್ರಗಳು ಕೈಗೆ ಸಿಕ್ಕವು, ಹಳೇ ರಾಸಾಯನಿಕಗಳು ಸಿಗಲಿಲ್ಲ. 2010ರಲ್ಲಿ ಬಂದ ಅವರ ಮೊದಲ ಫಿಲ್ಮನ್ನು ಕ್ಯಾಮೆರಾದಿಂದ ಹೊರಬಂದ ತಕ್ಷಣ ಬೆಳಕಿಗೆ ಬೀಳದಂತೆ ಮುಚ್ಚಿಕೊಳ್ಳಬೇಕಿತ್ತು.

ಬಣ್ಣದ ಬದಲು ಕಪ್ಪು-ಬಿಳುಪು ಮೊದಲು ಬಂದದ್ದಕ್ಕೂ ಕಾರಣ ಇಲ್ಲೇ ಇದೆ. ಬಣ್ಣದ ಫಿಲ್ಮ್ ಅಂದರೆ ಕೂದಲೆಳೆಗಿಂತ ತೆಳುವಾದ ಲೇಪದೊಳಗೆ ಹತ್ತಾರು ಪದರ. ಕಪ್ಪು-ಬಿಳುಪಿಗೆ ಕೆಲವೇ ಪದರ ಸಾಕು. ಇಡೀ ಕಾರ್ಖಾನೆ ಸರಿಯಾಗಿ ಓಡುತ್ತಿದೆಯಾ ಅಂತ ನೋಡೋಕೆ ಪಿ30 ಒಳ್ಳೇ ಪರೀಕ್ಷೆ. ಆಮೇಲೆ ಓರ್ಟೋ, ಪಿ33 ಅಂತ ಕಪ್ಪು-ಬಿಳುಪಿನ ಫಿಲ್ಮುಗಳನ್ನೂ ಅವರು ತಂದರು.

ಇನ್ನೊಂದು ಮಾತು ಮರೆಯಬಾರದು. ಲೇಪ ಬಳಿಯೋದು, ಕತ್ತರಿಸೋದು, ಅಂಚಿಗೆ ತೂತು ಹೊಡೆಯೋದು, ಡಬ್ಬಿಗೆ ಸುತ್ತೋದು, ಎಲ್ಲಾ ಕತ್ತಲಲ್ಲೇ. ನಾನು ಮೊದಲ ಸಲ ರೋಲ್ ತೊಳೆಯಲು ಕೂತಾಗ, ಆ ಒಂದೂವರೆ ಮೀಟರ್ ಪಟ್ಟಿಯನ್ನು ಕತ್ತಲಲ್ಲಿ ಸುರುಳಿಗೆ ಏರಿಸುವಷ್ಟರಲ್ಲಿ ಅಂಗೈ ಬೆವೆತು ಫಿಲ್ಮ್ ಬೆರಳಿಗೆ ಅಂಟಿಕೊಂಡಿತ್ತು. ಆ ಗುರುತು ನೆಗೆಟಿವ್‌ನಲ್ಲಿ ಇವತ್ತೂ ಇದೆ. ಫೆರಾನಿಯಾದವರು ಅಂಥ ಕತ್ತಲಲ್ಲಿ ಯಂತ್ರದ ನಟ್ಟು-ಬೋಲ್ಟು ತಡವಿ ಕೆಲಸ ಮಾಡುತ್ತಾರೆ. ಎಲ್ಲಿ ಏನಿದೆ ಅನ್ನೋದು ಕೈಗೆ ಗೊತ್ತಿರಬೇಕು. ಕೈ ಕಲಿತವರು ನಿವೃತ್ತರಾಗಿ ಮನೆ ಸೇರಿದರೆ ಆ ವಿದ್ಯೆಯೂ ಅವರ ಜೊತೆಗೇ ಹೋಗುತ್ತದೆ.

ಇಷ್ಟು ಓದಿದ ಮೇಲೆ "ಹಾಗಾದರೆ ಊಟಿಯ ಕಾರ್ಖಾನೆ?" ಅಂತ ನೀವು ಕೇಳೇ ಕೇಳುತ್ತೀರಿ. ಬಂಡೀಪುರ ದಾಟಿ ಘಾಟಿ ಹತ್ತಿದರೆ ಸಿಗುವ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ. ಅದರ 'ಇಂದು' ಫಿಲ್ಮ್ ನಮ್ಮ ಹಳೇ ಸ್ಟುಡಿಯೋದವರಿಗೆಲ್ಲ ಗೊತ್ತು. ಅದು ಮತ್ತೆ ಶುರುವಾಗಲಿ ಅನ್ನೋ ಆಸೆ ನನಗೂ ಇದೆ. ಆದರೆ ಅದೂ ಕೊಪ್ಪರಿಗೆಯ ಅಳತೆಗೆ ಕಟ್ಟಿದ ಕಾರ್ಖಾನೆ. ಬಾಗಿಲು ಮುಚ್ಚಿ ವರ್ಷಗಳಾದವು. ಅದರ ಆಗಿನ ಕೆಲಸಗಾರರನ್ನು ಕೂರಿಸಿಕೊಂಡು ಅವರ ಕೈಗೆ ಗೊತ್ತಿದ್ದದ್ದನ್ನು ಯಾರಾದರೂ ಬರೆದಿಟ್ಟುಕೊಳ್ಳಬೇಕು. ಯಂತ್ರ ಉಳಿಸುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಅದು.

ಪಿ30 ರೋಲ್ ಕೈಗೆ ಸಿಕ್ಕರೆ ಒಂದು ಕಿವಿಮಾತು. ಅದರ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಚುರುಕು, 80 ಐಎಸ್‌ಓ, ಕಾಂಟ್ರಾಸ್ಟ್ (ಬೆಳಕು-ನೆರಳಿನ ಅಂತರ) ತುಂಬ ಜಾಸ್ತಿ. ನಮ್ಮ ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ತೆಗೆದರೆ ನೆರಳೆಲ್ಲ ಇದ್ದಿಲು. ಬೆಳಗ್ಗೆ ಎಂಟರೊಳಗೆ, ಬೆಳಕು ಅಳೆಯುವ ಮೀಟರಿನ ಐಎಸ್‌ಓ 50ಕ್ಕೆ ಇಟ್ಟು, ನೆರಳಿನ ಕಡೆ ಅಳೆದು ತೆಗೆಯಿರಿ.