ಹದಿನೇಳು ಧಾತುಗಳನ್ನು ಬಿಡಿಸುವ ಕಷ್ಟ

1787ರಲ್ಲಿ ಸ್ವೀಡನ್ನಿನ ಇಟರ್‌ಬಿ ಎಂಬ ಹಳ್ಳಿಯ ಗಣಿಯಲ್ಲಿ ಸೇನಾಧಿಕಾರಿಯೊಬ್ಬರಿಗೆ ಭಾರವಾದ ಕರಿಕಲ್ಲೊಂದು ಸಿಕ್ಕಿತು. 1794ರಲ್ಲಿ ರಸಾಯನಶಾಸ್ತ್ರಜ್ಞ ಯೋಹಾನ್ ಗಡೋಲಿನ್ ಅದನ್ನು ಪರೀಕ್ಷಿಸಿ, ಇದರಲ್ಲಿ ಹೊಸದೊಂದು 'ಮಣ್ಣು' ಇದೆ ಎಂದರು. ನೀರಿನಲ್ಲಿ ಕರಗದ, ಬೆಂಕಿಗೂ ಜಗ್ಗದ ಆಕ್ಸೈಡ್‌ಗಳಿಗೆ ಆಗ ಹಾಗೆ ಹೇಳುತ್ತಿದ್ದರು. ಒಂದನ್ನೊಂದು ಹೋಲುವ ಹದಿನೇಳು ಧಾತುಗಳ ಗುಂಪಿಗೆ 'ರೇರ್ ಅರ್ಥ್' (ವಿರಳ ಮಣ್ಣು) ಎಂಬ ಹೆಸರು ಅಲ್ಲಿಂದ ಬಂತು. ನಿಜ ಹೇಳಬೇಕೆಂದರೆ ಇವು ಅಷ್ಟೇನೂ ವಿರಳವಲ್ಲ. ಈ ಗುಂಪಿನ ಸೀರಿಯಂ ಭೂಮಿಯ ಹೊರಪದರದಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಒಂದೇ ಕಲ್ಲಿನಲ್ಲಿ ಬೆರೆತು ಕೂತಿರುವ ಇವನ್ನು ಬಿಡಿಸುವುದಕ್ಕೇ ಇಷ್ಟು ಪಾಡು.

ಯಾಕೆ ಅಂದರೆ, ಇವುಗಳಲ್ಲಿ ಹದಿನೈದು ಧಾತುಗಳು ಸಾಲಾಗಿ ಬರುತ್ತವೆ; ಲ್ಯಾಂಥನಮ್‌ನಿಂದ ಲ್ಯುಟೀಷಿಯಂವರೆಗೆ ಸಾಗುವಾಗ ಹೆಚ್ಚುವ ಎಲೆಕ್ಟ್ರಾನ್‌ಗಳು ಬಹುಪಾಲು ಪರಮಾಣುವಿನ ಒಳಗಿನ ಕವಚಕ್ಕೆ ಸೇರುತ್ತವೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ. ಸಾಮಾನ್ಯವಾಗಿ ಎಲ್ಲವೂ ಮೂರು ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆ. ಗಾತ್ರ ಮಾತ್ರ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ. ಹದಿನಾಲ್ಕು ಹೆಜ್ಜೆಗೆ ಒಟ್ಟು ಸುಮಾರು ಶೇ 17. ಅಂದರೆ ಅಕ್ಕಪಕ್ಕದ ಎರಡರ ನಡುವೆ ಶೇ 1ರ ಆಸುಪಾಸು, ಅಷ್ಟೇ. ಇಡೀ ಚರಿತ್ರೆ ಈ ಸಣ್ಣ ವ್ಯತ್ಯಾಸವನ್ನು ಹಿಡಿಯುವ ಪ್ರಯತ್ನ.

ಮೊದಲಿನವರ ಕೈಯಲ್ಲಿ ಇದ್ದದ್ದು ಹರಳುಗಟ್ಟಿಸುವ ವಿಧಾನ. ಕರಗಿಸು, ಹರಳು ಕಟ್ಟಲು ಬಿಡು, ಸೋಸು, ಮತ್ತೆ ಕರಗಿಸು. 'ಡಿಡಿಮಿಯಂ' ಒಂದೇ ಧಾತು ಎಂದು ದಶಕಗಳ ಕಾಲ ಎಲ್ಲರೂ ನಂಬಿದ್ದರು. 1885ರಲ್ಲಿ ಆವರ್ ಫಾನ್ ವೆಲ್ಸ್‌ಬಾಕ್ ಅದನ್ನು ಹೀಗೇ ಒಡೆದು ನಿಯೋಡಿಮಿಯಂ, ಪ್ರೇಸಿಯೋಡಿಮಿಯಂ ಎಂದು ಎರಡು ಮಾಡಿದರು. ನನಗೆ ಎಲ್ಲರಿಗಿಂತ ಹೆಚ್ಚು ಗೌರವ ಚಾರ್ಲ್ಸ್ ಜೇಮ್ಸ್ ಮೇಲೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿದ್ದ ಅವರು 1911ರಲ್ಲಿ ಶುದ್ಧ ಥೂಲಿಯಂ ಪಡೆಯುವ ಹೊತ್ತಿಗೆ ಸುಮಾರು 15,000 ಸಲ ಹರಳುಗಟ್ಟಿಸಿದ್ದರು! ಆ ತಾಳ್ಮೆಯನ್ನು ಸುಮ್ನೆ ಊಹಿಸಿ ನೋಡಿ.

ಆಮೇಲೆ ದಾರಿ ಬೇಗ ಬದಲಾಯಿತು. 1940ರ ದಶಕದಲ್ಲಿ ಅಣುಬಾಂಬ್ ಯೋಜನೆಯ ಕೆಲಸದ ನಡುವೆ ಅಯಾನು (ವಿದ್ಯುದಂಶ ಹೊತ್ತ ಪರಮಾಣು) ವಿನಿಮಯದ ವಿಧಾನ ಬಂತು. ಮುಂದೆ ಕಾರ್ಖಾನೆಗಳು ದ್ರಾವಕಗಳಿಗೆ ಹೊರಳಿದವು. ಆಮ್ಲದ ನೀರು, ಅದರ ಜೊತೆ ಬೆರೆಯದ ಎಣ್ಣೆಯಂಥ ದ್ರಾವಕ, ಇವೆರಡನ್ನು ತೊಟ್ಟಿಯಿಂದ ತೊಟ್ಟಿಗೆ ನೂರಾರು ಸಲ ಕಲಕಬೇಕು. ಪ್ರತಿ ಸಲವೂ ಒಂದು ಧಾತು ಇನ್ನೊಂದಕ್ಕಿಂತ ಸ್ವಲ್ಪ ಹೆಚ್ಚು ದ್ರಾವಕಕ್ಕೆ ದಾಟುತ್ತದೆ. ಯಾವ ತೊಟ್ಟಿಯಲ್ಲಿ ಎಷ್ಟು ಎಂಬ ಲೆಕ್ಕವನ್ನು 1970ರ ದಶಕದಲ್ಲಿ ಚೀನಾದ ಷು ಗುವಾಂಗ್‌ಷಿಯಾನ್ ಕಟ್ಟಿಕೊಟ್ಟರು. ಚೀನಾ ಈ ಕ್ಷೇತ್ರದಲ್ಲಿ ಮುಂದೆ ಹೋಗಲು ಗಣಿಗಳಷ್ಟೇ ಈ ಲೆಕ್ಕವೂ ಕಾರಣ. ಆದರೆ ಆಮ್ಲದ ಕೊಳಚೆ, ಕೆಲವು ಅದಿರಿನಿಂದ ವಿಕಿರಣ ಸೂಸುವ ಥೋರಿಯಂ, ಇವು ಗಣಿ ಮತ್ತು ಕಾರ್ಖಾನೆಗಳ ಸುತ್ತಲಿನ ಜನಕ್ಕೆ ಉಳಿಯುತ್ತವೆ. ಇದನ್ನು ಮರೆತು ಈ ಕತೆ ಹೇಳಬಾರದು.

ಈಗಿನ ಹುಡುಕಾಟ ಹಳೆಯ ವಸ್ತುಗಳಲ್ಲಿ. 1980ರ ದಶಕದಲ್ಲಿ ಬಂದ ನಿಯೋಡಿಮಿಯಂ ಆಯಸ್ಕಾಂತದ ತೂಕದಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ಈ ಧಾತುಗಳೇ. ಗುಜರಿಯಲ್ಲಿ ಪುಡಿಯಾಗಿ ಕಬ್ಬಿಣದ ಜೊತೆ ಸೇರಿದರೆ ಎಲ್ಲ ಹೋಯಿತು. ಹಾಗಾಗಿ ಹೈಡ್ರೋಜನ್ ಹಾಯಿಸಿ ಆಯಸ್ಕಾಂತವನ್ನಷ್ಟೇ ಪುಡಿಯಾಗಿ ಉದುರಿಸುವ ವಿಧಾನ ಬಂದಿದೆ. ಆದರೂ ಒಳಗಿನ ನಿಯೋಡಿಮಿಯಂ, ಡಿಸ್ಪ್ರೋಸಿಯಂ ಬೇರೆಯಾಗಬೇಕು, ಅಲ್ವಾ? ಇಲ್ಲಿ ಬ್ಯಾಕ್ಟೀರಿಯಾ ನೆರವಿಗೆ ಬಂದಿವೆ. 2018ರಲ್ಲಿ ಈ ಧಾತುಗಳನ್ನು ಗಟ್ಟಿಯಾಗಿ ಹಿಡಿಯುವ ಲ್ಯಾನ್‌ಮಾಡ್ಯುಲಿನ್ ಎಂಬ ಪ್ರೋಟೀನ್ ವರದಿಯಾಯಿತು. 2023ರಲ್ಲಿ, ಓಕ್ ಮರದ ಮೊಗ್ಗಿನ ಬ್ಯಾಕ್ಟೀರಿಯಾದಿಂದ ಅದರ ಇನ್ನೊಂದು ಬಗೆ ಸಿಕ್ಕಿತು. ನಿಯೋಡಿಮಿಯಂನಂಥ ದೊಡ್ಡ ಅಯಾನು ಸಿಕ್ಕರೆ ಈ ಪ್ರೋಟೀನಿನ ಎರಡು ಕಣಗಳು ಗಟ್ಟಿಯಾಗಿ ಜೋಡಿಯಾಗುತ್ತವೆ, ಡಿಸ್ಪ್ರೋಸಿಯಂನಂಥ ಸಣ್ಣದಾದರೆ ಜೋಡಿ ಸಡಿಲ. ಪ್ರಯೋಗಾಲಯದಲ್ಲಿ ಒಂದೇ ಹಂತದಲ್ಲಿ ಎರಡೂ ಧಾತುಗಳು ಶೇ 98ಕ್ಕಿಂತ ಶುದ್ಧವಾಗಿ ಬೇರೆಯಾದವು. ಟನ್‌ಗಟ್ಟಲೆ ಹೀಗೆ ಬಿಡಿಸುವ ಕೆಲಸ ಇನ್ನೂ ಬಾಕಿ ಇದೆ.