ಪಫ್ ಅಂದ್ರೆ ಊದೋದಾ, ಎಳೆಯೋದಾ?

ಕೋಲಾರದಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಕಲಿಸುವುದು ನನ್ನ ಕೆಲಸ. ಟಮಕದ ಕಡೆಯಿಂದ ನರ್ಸಿಂಗ್ ಓದುವ ಹುಡುಗಿಯರು ಬರುತ್ತಾರೆ. ನರಸಾಪುರ, ವೇಮಗಲ್ ಕಾರ್ಖಾನೆಗಳಲ್ಲಿ ಶಿಫ್ಟ್ ಮುಗಿಸಿದ ಹುಡುಗರು ಬರುತ್ತಾರೆ. ಕಳೆದ ತಿಂಗಳು ಒಬ್ಬ ಹುಡುಗಿ ಬಂದವಳೇ ದೂರು ಹೇಳಿದಳು. "ಸರ್, ವಾರ್ಡಿನಲ್ಲಿ ಒಬ್ಬ ತಾತನಿಗೆ ಇನ್‌ಹೇಲರ್ ಕೊಟ್ಟು ಎರಡು ಪಫ್ ತಗೊಳ್ಳಿ ಅಂದೆ. ಪೀಪಿ ಊದಿದ ಹಾಗೆ ಊದಿಬಿಟ್ಟರು!"

ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ನಮ್ಮ ಅಮ್ಮನಿಗೆ ಮೊದಲ ಸಲ ಇನ್‌ಹೇಲರ್ ಬರೆದುಕೊಟ್ಟಾಗ ಚೀಟಿಯಲ್ಲಿ ಇದ್ದದ್ದೂ ಅದೇ ಮಾತು, ಬೆಳಿಗ್ಗೆ ಎರಡು ಪಫ್, ರಾತ್ರಿ ಎರಡು ಪಫ್. ಇಂಗ್ಲಿಷ್ ಮೇಷ್ಟ್ರು ನಾನೇ ಮನೆಯಲ್ಲಿರುವಾಗ ಬೇರೆಯವರನ್ನು ಯಾಕೆ ಕೇಳಬೇಕು? "ಎರಡು ಸಲ ಊದಮ್ಮ" ಅಂದೆ. ಅಮ್ಮ ಮೂರು ವಾರ ಶ್ರದ್ಧೆಯಿಂದ ಊದಿದರು. ಔಷಧಿಯೆಲ್ಲ ಅಡುಗೆಮನೆಯ ಗಾಳಿಗೆ ಹೋಯಿತು. ಮುಂದಿನ ಸಲ ಡಾಕ್ಟರು "ಎಲ್ಲಿ, ಹೇಗೆ ತಗೊಳ್ತೀರಿ ತೋರಿಸಿ" ಅಂದಾಗಲೇ ನನ್ನ ಬಂಡವಾಳ ಬಯಲಾದದ್ದು.

ನಿಘಂಟು ತೆಗೆದರೆ ನಾನು ಹೇಳಿದ್ದು ತಪ್ಪಲ್ಲ. ಪಫ್ ಅಂದರೆ ಸಣ್ಣಗೆ ಒಮ್ಮೆ ಊದುವುದು. ಬಾಯಿಂದ ಪುಫ್ ಅಂತ ಗಾಳಿ ಬಿಟ್ಟರೆ ಬರುವ ಸದ್ದೇ ಆ ಪದ. ನಮ್ಮ 'ಉಫ್' ಇದೆಯಲ್ಲ, ಅದರ ನೆರೆಮನೆಯದು. ಆದರೆ ಇನ್‌ಹೇಲರ್ ವಿಷಯದಲ್ಲಿ ಊದುವುದು ನಾವಲ್ಲ, ಆ ಡಬ್ಬಿ. ಅದು ಪುಫ್ ಅಂತ ಬಿಡುತ್ತದೆ, ನಾವು ಒಳಗೆ ಎಳೆದುಕೊಳ್ಳಬೇಕು. ಅಂದಿನಿಂದ ಗಾಳಿಯ ಪದ ಯಾವುದೇ ಬಂದರೂ ನಾನು ಮಕ್ಕಳಿಗೆ ಅರ್ಥ ಬರೆಸುವುದಿಲ್ಲ. ಎರಡು ಪ್ರಶ್ನೆ ಕೇಳುತ್ತೇನೆ. ಗಾಳಿ ಬಿಟ್ಟವರು ಯಾರು? ಅದು ಎತ್ತ ಹೋಯಿತು?

ಸಿಗರೇಟಿನ ಪಫ್ ತಗೊಳ್ಳಿ. ಅಲ್ಲಿ ಒಳಗೂ ಹೋಗುತ್ತದೆ, ಹೊರಗೂ ಬರುತ್ತದೆ. ನಾವು ಇದಕ್ಕೆ ದಮ್ಮು ಅನ್ನುತ್ತೇವೆ. "ಒಂದು ದಮ್ಮು ಎಳೆದು ಬರ್ತೀನಿ." ದಮ್ ಪಾರ್ಸಿಯಿಂದ ಬಂದದ್ದು, ಅಲ್ಲಿ ಉಸಿರು ಅಂತ ಅರ್ಥ. ಅದೇ ದಮ್ಮು ನಮ್ಮಲ್ಲಿ ಉಬ್ಬಸದ ಕಾಯಿಲೆಯೂ ಹೌದು, "ದಮ್ಮಿದ್ರೆ ಬಾರೋ" ಅನ್ನುವಾಗ ಧೈರ್ಯವೂ ಹೌದು, ಪಾತ್ರೆಯ ಬಾಯಿಗೆ ಹಿಟ್ಟು ಮೆತ್ತಿ ಹಬೆ ಹೊರಗೆ ಹೋಗದ ಹಾಗೆ ಮಾಡಿದರೆ ಬಿರಿಯಾನಿಯೂ ಹೌದು. ಇಂಗ್ಲಿಷಿನವರ ಒಂದು ಪದಕ್ಕೆ ಹತ್ತು ಅರ್ಥ ಅಂತ ಬೈಯುವ ಮೊದಲು ನಮ್ಮ ಮನೆಯ ದಮ್ಮನ್ನು ನೋಡಬೇಕು, ಅಲ್ವಾ?

ಪಫ್ ಅಲ್ಲಿಗೇ ನಿಲ್ಲುವುದಿಲ್ಲ. ಊದಿದ ಗಾಳಿ ಒಳಗೇ ಉಳಿದರೆ ವಸ್ತು ಉಬ್ಬುತ್ತದೆ. ಬೇಕರಿಯ ಎಗ್ ಪಫ್ ಅದು. ಹಿಟ್ಟಿನ ಪದರಗಳ ನಡುವೆ ಬೆಣ್ಣೆಯೋ ಡಾಲ್ಡಾವೋ ಇರುತ್ತದೆ. ಒಲೆಯ ಶಾಖಕ್ಕೆ ಹಿಟ್ಟಿನ ನೀರು ಆವಿಯಾಗಿ ಪದರಗಳನ್ನು ಮೇಲೆತ್ತುತ್ತದೆ. ಪುರಿಗೆ ಪಫ್ಡ್ ರೈಸ್ ಅನ್ನುವುದೂ ಅದಕ್ಕೇ. ನಿದ್ದೆಗೆಟ್ಟ ಮುಖಕ್ಕೆ ಪಫಿ ಅನ್ನುತ್ತಾರೆ. ಕನ್ನಡದಲ್ಲೂ ಹಾಗೇ ಇದೆ, ನೋಡಿ. ಒಲೆ ಊದುತ್ತೇವೆ, ಕಾಲು ಊದಿಕೊಳ್ಳುತ್ತದೆ.

ಇನ್ನೊಂದು ಉಬ್ಬುವಿಕೆ ಇದೆ. ಇಲ್ಲದ ಗುಣವನ್ನೆಲ್ಲ ಹೇಳಿ ಸರಕನ್ನು ಉಬ್ಬಿಸುವುದು. ಜಾಹೀರಾತಿನ ಬಡಾಯಿಗೂ ಇಂಗ್ಲಿಷಿನಲ್ಲಿ ಪಫ್ ಅನ್ನುತ್ತಾರೆ. ಇದರ ಮೇಲೆ ಒಂದು ಕೋರ್ಟ್ ಕೇಸೇ ನಡೆದಿದೆ. ಕಾನೂನು ಓದಿದವರಿಗೆಲ್ಲ ಅದು ಗೊತ್ತು. 1890ರ ಆಸುಪಾಸಿನಲ್ಲಿ ಇಂಗ್ಲೆಂಡಿನಲ್ಲಿ ಫ್ಲೂ ಜ್ವರ ಹರಡಿತ್ತು. ಕಾರ್ಬಾಲಿಕ್ ಸ್ಮೋಕ್ ಬಾಲ್ ಅಂತ ಒಂದು ಕಂಪನಿ ರಬ್ಬರ್ ಚೆಂಡು ಮಾರುತ್ತಿತ್ತು. ಹಿಂಡಿದರೆ ಅದರಿಂದ ಪುಡಿ ಹೊಗೆಯ ಹಾಗೆ ಹೊರಗೆ ಬರುತ್ತಿತ್ತು, ಅದನ್ನು ಮೂಗಿಗೆ ಎಳೆದುಕೊಳ್ಳಬೇಕು. ದಿನಕ್ಕೆ ಮೂರು ಸಲದಂತೆ ಎರಡು ವಾರ ಬಳಸಿದ ಮೇಲೂ ಫ್ಲೂ ಬಂದರೆ 100 ಪೌಂಡ್ ಕೊಡುತ್ತೇವೆ, ಅದಕ್ಕಾಗಿ ಬ್ಯಾಂಕಿನಲ್ಲಿ 1000 ಪೌಂಡ್ ಇಟ್ಟಿದ್ದೇವೆ ಅಂತ ಜಾಹೀರಾತು ಕೊಟ್ಟರು. ಕಾರ್ಲಿಲ್ ಅನ್ನುವ ಹೆಂಗಸು ಹೇಳಿದ ಹಾಗೇ ಬಳಸಿದರು. ಫ್ಲೂ ಬಂತು. ದುಡ್ಡು ಕೇಳಿದರೆ ಕಂಪನಿಯ ವಕೀಲರು "ಅದು ಬರೀ ಪಫ್ ಸ್ವಾಮಿ, ಅದನ್ನು ಯಾರಾದರೂ ನಂಬುತ್ತಾರಾ?" ಅನ್ನುವ ಧಾಟಿಯಲ್ಲಿ ವಾದ ಮಾಡಿದರು. 1892ರ ಡಿಸೆಂಬರಿನಲ್ಲಿ ಮೇಲ್ಮನವಿ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಬ್ಯಾಂಕಿನಲ್ಲಿ ದುಡ್ಡು ಇಟ್ಟಿದ್ದೇವೆ ಅಂತ ಹೇಳಿದ ಮೇಲೆ ಅದು ಬಾಯಿಮಾತಿನ ಗಾಳಿಯಲ್ಲ, ಕೊಡಲೇಬೇಕು ಅಂತ ತೀರ್ಪಾಯಿತು. ಪಫ್ ಮಾಡುವ ಯಂತ್ರ ಮಾರಿದವರು ಮಾತಿನ ಪಫ್ ಹಿಂದೆ ಬಚ್ಚಿಟ್ಟುಕೊಳ್ಳಲು ಹೋಗಿ ಸಿಕ್ಕಿಬಿದ್ದರು. ಈ ಕಥೆ ಹೇಳಿದ ದಿನ ತರಗತಿಯಲ್ಲಿ ಯಾರೂ ಫೋನ್ ನೋಡುವುದಿಲ್ಲ.

ಡ್ರಾಫ್ಟ್ ಪದ ಇದಕ್ಕೆ ಪೂರಾ ಉಲ್ಟಾ. ಕಿಟಕಿ ಸಂದಿಯಿಂದ ನುಗ್ಗುವ ತಣ್ಣನೆ ಗಾಳಿಗೆ ಡ್ರಾಫ್ಟ್ ಅನ್ನುತ್ತಾರೆ. ಬ್ಯಾಂಕಿನ ಡಿಡಿಯೂ ಡ್ರಾಫ್ಟೇ, ಪತ್ರದ ಕರಡೂ ಡ್ರಾಫ್ಟೇ, ಪೀಪಾಯಿಯಿಂದ ನಲ್ಲಿಯಲ್ಲಿ ಬರುವ ಬಿಯರೂ ಡ್ರಾಫ್ಟೇ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೊಸದಾಗಿ ಆಫೀಸ್ ಸೇರಿದ್ದ. ಸಂಜೆಯೊಳಗೆ ಡ್ರಾಫ್ಟ್ ಕಳಿಸು ಅಂತ ಮ್ಯಾನೇಜರ್ ಮೆಸೇಜ್ ಹಾಕಿದರಂತೆ. ಇವನು ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಂತು "ಎಷ್ಟಕ್ಕೆ ತೆಗೆಸಲಿ ಸರ್?" ಅಂತ ಫೋನ್ ಮಾಡಿದ್ದಾನೆ. ಅವರು ಕೇಳಿದ್ದು ಪತ್ರದ ಕರಡು!

ಈ ಎಲ್ಲ ಡ್ರಾಫ್ಟ್‌ಗಳ ಬುಡ ಒಂದೇ, ಎಳೆಯುವುದು. ಡ್ರಾ ಅನ್ನುವ ಪದದ ಒಡಹುಟ್ಟು ಅದು. ಒಲೆಯ ಚಿಮಣಿ ಗಾಳಿಯನ್ನು ಎಳೆಯುತ್ತದೆ. ಪೀಪಾಯಿಯಿಂದ ಬಿಯರ್ ಎಳೆಯುತ್ತಾರೆ. ಖಾತೆಯಿಂದ ದುಡ್ಡು ಎಳೆಯುತ್ತಾರೆ. ಕಾಗದದ ಮೇಲೆ ಗೆರೆ ಎಳೆಯುತ್ತಾರೆ, ಕರಡು ಅಲ್ಲಿಂದ ಬಂತು. ಇದನ್ನು ಪಾಠ ಮಾಡುವಾಗ ಶ್ರೀನಿವಾಸಪುರದ ಕಡೆಯ ಒಬ್ಬ ಹುಡುಗ "ಸರ್, ನಮ್ಮ ಸೇದೋದು ಇದ್ದ ಹಾಗೆ" ಅಂದ. ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಬಾವಿಯಿಂದ ನೀರು ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ. ಎರಡರಲ್ಲೂ ಆ ಕಡೆ ಇರುವುದನ್ನು ನಮ್ಮ ಕಡೆಗೆ ಎಳೆದುಕೊಳ್ಳುವುದು. ಬಾವಿಗಳೆಲ್ಲ ಬತ್ತಿ ಸಾವಿರ ಅಡಿಗೂ ಜಾಸ್ತಿ ಬೋರ್ ಕೊರೆಸುವ ನಮ್ಮ ಜಿಲ್ಲೆಯಲ್ಲಿ ಸೇದುವುದು ಈಗ ಬೀಡಿಗೆ ಮಾತ್ರ ಉಳಿದಿದೆ, ಅದು ಬೇರೆ ಮಾತು.

ಗಸ್ಟ್ ಅನ್ನುವುದಕ್ಕೆ ಯಜಮಾನ ಇಲ್ಲ. ಯಾರೂ ಊದಿದ್ದಲ್ಲ, ಯಾರೂ ಎಳೆದದ್ದಲ್ಲ, ತಾನಾಗೇ ಜೋರಾಗಿ ಬೀಸಿ ಹೋಗುವ ಗಾಳಿ. ಹವಾಮಾನ ಸುದ್ದಿಯಲ್ಲಿ ಗಾಳಿಯ ವೇಗ ಒಂದು, ಗಸ್ಟ್ ಇನ್ನೊಂದು ಅಂತ ಬೇರೆ ಬೇರೆ ಹೇಳುವುದಕ್ಕೆ ಕಾರಣ ಇದೆ. ಮೊದಲನೆಯದು ಕೆಲವು ನಿಮಿಷಗಳ ಸರಾಸರಿ. ಎರಡನೆಯದು ಕೆಲವೇ ಸೆಕೆಂಡಿನ ರಭಸ. ಮೇ ತಿಂಗಳಲ್ಲಿ ಮಾವಿನ ಕಾಯಿ ನೆಲಕ್ಕೆ ಬೀಳುವುದು ಸರಾಸರಿಯಿಂದ ಅಲ್ಲ, ಗಸ್ಟ್‌ನಿಂದ. ಅಂದ ಹಾಗೆ, ಗಸ್ಟೋ ಅಂತ ಇನ್ನೊಂದು ಪದ ಇದೆ, ಹುರುಪು ಅಂತ ಅರ್ಥ. ಅದು ರುಚಿಗೆ ಸಂಬಂಧಪಟ್ಟ ಲ್ಯಾಟಿನ್ ಪದದಿಂದ ಬಂದದ್ದು. ಇದಕ್ಕೂ ಅದಕ್ಕೂ ನಂಟಿಲ್ಲ.

ಇಂಥ ನಕಲಿ ನೆಂಟರು ಬ್ಲೋ ಮನೆಯಲ್ಲಿ ಜಾಸ್ತಿ. ಊದುವುದು ಬ್ಲೋ. ಪೇಪರಿನಲ್ಲಿ ಯಾರಿಗೋ ಬ್ಲೋ ಬಿತ್ತು ಅಂದರೆ ಪೆಟ್ಟು. ಒಂದು ಸಲ ತಲೆಬರಹಗಳನ್ನು ಕನ್ನಡಕ್ಕೆ ತರಲು ಕೊಟ್ಟಿದ್ದೆ. ಒಬ್ಬಳು "ಪಕ್ಷಕ್ಕೆ ದೊಡ್ಡದಾಗಿ ಊದಿದರು" ಅಂತ ಬರೆದಿದ್ದಳು. ತಪ್ಪಾದರೂ ಅಳಿಸಲು ಮನಸ್ಸು ಬರಲಿಲ್ಲ. ಪೆಟ್ಟು ಅನ್ನುವ ಬ್ಲೋ ಬೇರೆ ಪದವೇ, ಅದರಲ್ಲಿ ಗಾಳಿ ಇಲ್ಲ. ಹೂವು ಅರಳುವುದಕ್ಕೆ ಮೂರನೆಯ ಬ್ಲೋ ಒಂದಿತ್ತು. ಅದು ಈಗ ಹೆಚ್ಚು ಕಡಿಮೆ ಸತ್ತಿದೆ. ಫುಲ್ ಬ್ಲೋನ್ ಅನ್ನುವ ಮಾತಿನಲ್ಲಿ ಮಾತ್ರ ಉಸಿರಾಡುತ್ತಿದೆ. ಪೂರ್ತಿ ಊದಿದ್ದು ಅಂತಲ್ಲ, ಪೂರ್ತಿ ಅರಳಿದ್ದು ಅಂತ. ಇನ್ನು ಬಲೂನ್ ಊದುವುದು, ಬಂಡೆ ಸಿಡಿಸುವುದು, ಫೋಟೋ ದೊಡ್ಡದು ಮಾಡುವುದು, ಎಲ್ಲಕ್ಕೂ ಬ್ಲೋ ಅಪ್ ಅಂತಾರೆ. ಮೂರರಲ್ಲೂ ಒಳಗಿದ್ದದ್ದು ಹೊರಗೆ ಹಿಗ್ಗುತ್ತದೆ ಅಂತ ನೋಡಿಕೊಂಡರೆ ಸಾಕು.

ಇಷ್ಟರಲ್ಲಿ ನನಗೆ ತುಂಬ ಹತ್ತಿರದ ಪದ ಬ್ಲಾಸ್ಟ್. ಈಗ ಬ್ಲಾಸ್ಟ್ ಅಂದರೆ ಬಾಂಬು, ಕ್ವಾರಿ, ಇಲ್ಲವೇ "ಪಾರ್ಟಿ ಬ್ಲಾಸ್ಟ್ ಮಗಾ". ಮೊದಲು ಅದು ಬರೀ ಜೋರುಗಾಳಿ. ಕಬ್ಬಿಣ ಕರಗಿಸುವ ಬ್ಲಾಸ್ಟ್ ಫರ್ನೇಸಿನಲ್ಲಿ ಏನೂ ಸಿಡಿಯುವುದಿಲ್ಲ. ಕುಲುಮೆಗೆ ತಿದಿ ಒತ್ತಿದ ಹಾಗೆ ಬಿಸಿಗಾಳಿಯನ್ನು ಒಳಗೆ ನುಗ್ಗಿಸುತ್ತಾರೆ, ಅಷ್ಟೇ. ರಾಗಿಗೆ ಬರುವ ಬ್ಲಾಸ್ಟ್ ರೋಗವೂ ಇದೇ ಪದ. ಬೆಳೆ ಇದ್ದಕ್ಕಿದ್ದಂತೆ ಒಣಗಿದರೆ ಕೆಟ್ಟ ಗಾಳಿ ಬಡಿಯಿತು ಅಂತ ಹಳೇ ಕಾಲದ ಇಂಗ್ಲಿಷಿನವರು ತಿಳಿದಿದ್ದರು. ನಮ್ಮ ರೈತರು ಅದನ್ನು ಬೆಂಕಿ ರೋಗ ಅಂದರು. ನಿಜಕ್ಕೂ ಅದು ಶಿಲೀಂಧ್ರ. ಆದರೆ ಅದರ ಕಣಗಳು ಹೊಲದಿಂದ ಹೊಲಕ್ಕೆ ಹೋಗುವುದು ಗಾಳಿಯಲ್ಲೇ, ಹಾಗಾಗಿ ಹಳೆಯವರನ್ನು ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ.

ಕೆಜಿಎಫ್ ಗಣಿಯಲ್ಲಿ ಏರ್ ಬ್ಲಾಸ್ಟ್ ಅನ್ನುವ ಮಾತಿತ್ತು. ಇಪ್ಪತ್ತನೇ ಶತಮಾನದ ಆರಂಭದ ಗಣಿ ಬರಹಗಳಲ್ಲಿ ಅದು ಹಾಗೇ ಇದೆ. ಗಾಳಿ ಸಿಡಿಯುವುದು ಅಂದರೆ ಏನು? ಅಲ್ಲಿ ಸಿಡಿಯುತ್ತಿದ್ದದ್ದು ಬಂಡೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ಅಷ್ಟು ಆಳದಲ್ಲಿ ಮೇಲಿನ ಬಂಡೆಯ ಭಾರ ಸುರಂಗದ ಗೋಡೆಗಳ ಮೇಲೆ ಕೂತಿರುತ್ತದೆ. ತಡೆಯಲಾಗದೆ ಗೋಡೆ ಒಂದು ಕ್ಷಣದಲ್ಲಿ ಒಡೆದು ಸಿಡಿದರೆ, ಸುರಂಗದಲ್ಲಿದ್ದ ಗಾಳಿ ಒಮ್ಮೆಗೇ ನುಗ್ಗುತ್ತದೆ. ದೂರದ ಸುರಂಗದಲ್ಲಿ ಕತ್ತಲಲ್ಲಿ ನಿಂತವನಿಗೆ ಬಂಡೆ ಕಾಣುವುದಿಲ್ಲ, ಗಾಳಿಯ ಏಟು ಮಾತ್ರ ತಾಕುತ್ತದೆ. ತನಗೆ ತಾಕಿದ್ದಕ್ಕೇ ಅವನು ಹೆಸರಿಟ್ಟ. ಮುಂದೆ ಎಂಜಿನಿಯರುಗಳು ಕಾರಣ ನೋಡಿ ರಾಕ್ ಬರ್ಸ್ಟ್ ಅಂತ ಬದಲಾಯಿಸಿದರು. ಮೇಲೆ ಊರಿನಲ್ಲಿ ಮನೆಗಳೂ ನಡುಗುತ್ತಿದ್ದವು. ಗಣಿ 2001ರಲ್ಲಿ ಮುಚ್ಚಿತು. ನನಗೆ ಎಂಜಿನಿಯರುಗಳ ಪದಕ್ಕಿಂತ ಹಳೆಯ ತಪ್ಪು ಪದವೇ ಹೆಚ್ಚು ನಿಜ ಅನ್ನಿಸುತ್ತದೆ. ಗಾಳಿ ಬಿಟ್ಟದ್ದು ಬಂಡೆ, ಹೋಗಿ ತಾಕಿದ್ದು ಕೂಲಿಯವನ ಎದೆಗೆ. ಎರಡು ಪ್ರಶ್ನೆಗೂ ಅದರಲ್ಲಿ ಉತ್ತರ ಇದೆ.

ಎಕ್ಸ್‌ಪೈರ್ ಬಗ್ಗೆ ಒಂದು ಮಾತು, ಯಾಕಂದರೆ ನಾವು ಅದನ್ನು ದಿನಾ ಬಳಸುತ್ತೇವೆ. ಲ್ಯಾಟಿನ್ನಿನಲ್ಲಿ ಅದು ಉಸಿರು ಹೊರಗೆ ಬಿಡುವುದು. ಮಾತ್ರೆಯೂ ಎಕ್ಸ್‌ಪೈರ್ ಆಗುತ್ತದೆ, ನಮ್ಮೂರಲ್ಲಿ ಅಜ್ಜಿಯೂ ಎಕ್ಸ್‌ಪೈರ್ ಆಗುತ್ತಾರೆ. ಕೇಳಲು ಒಂಥರಾ ಇದ್ದರೂ ಪದದ ಲೆಕ್ಕದಲ್ಲಿ ಅಜ್ಜಿಗೆ ಹೇಳಿದ್ದೇ ಸರಿ, ಉಸಿರಿದ್ದದ್ದು ಅವರಿಗೆ. ಮಾತ್ರೆಗೆ ಎಲ್ಲಿಯ ಉಸಿರು?

ಆ ನರ್ಸಿಂಗ್ ಹುಡುಗಿಗೆ ನಾನು ಹೇಳಿದ್ದು ಇಷ್ಟು. ಪಫ್ ಪದವನ್ನೇ ಬಿಟ್ಟುಬಿಡು. "ಮೊದಲು ಡಬ್ಬಿ ಅಲ್ಲಾಡಿಸಿ. ಉಸಿರು ಪೂರ್ತಿ ಹೊರಗೆ ಬಿಡಿ. ಬಾಯಿಗಿಟ್ಟು ತುಟಿ ಬಿಗಿಮಾಡಿ. ನಿಧಾನಕ್ಕೆ ಉಸಿರು ಎಳೆಯಲು ಶುರು ಮಾಡಿ, ಆಗ ಒತ್ತಿ. ಎಳೆದದ್ದನ್ನು ಹತ್ತು ಎಣಿಸುವ ತನಕ ಹಿಡಿದುಕೊಳ್ಳಿ" ಅನ್ನು. ಅಮ್ಮನಿಗೆ ಆಮೇಲೆ ಡಾಕ್ಟರು ಕಲಿಸಿಕೊಟ್ಟದ್ದು ಇದನ್ನೇ. ವಾರ ಬಿಟ್ಟು ಅವಳು ನಗುತ್ತಾ ಬಂದಳು. ವಾರ್ಡಿನ ತಾತನಿಗೆ ಇಷ್ಟೂ ಹೇಳಿದ ಮೇಲೂ ಅರ್ಥವಾಗಲಿಲ್ಲವಂತೆ. ಕೊನೆಗೆ ಇವಳೇ "ತಾತ, ಬೀಡಿ ಸೇದ್ತೀರಲ್ಲ, ಹಾಗೇ, ಆದ್ರೆ ಇನ್ನೂ ನಿಧಾನಕ್ಕೆ" ಅಂದಳಂತೆ.

ತಾತ ಸರಿಯಾಗಿ ಎಳೆದು, ಹತ್ತು ಎಣಿಸಿ, ಉಸಿರು ಬಿಟ್ಟು ಹೇಳಿದರಂತೆ: "ಇದನ್ನ ಮೊದಲೇ ಹೇಳಬಾರದಾ ಕಣಮ್ಮ? ಸೇದಿ ಸೇದಿ ತಾನೇ ನಾನು ಇಲ್ಲಿಗೆ ಬಂದಿರೋದು."